ಪುಣೆಯ ನಕ್ಷತ್ರೋಪಾಸಕ ಕಾವಸಜಿ ನಾಯಗಮವಾಲಾ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಸೊಲ್ಲಾಪುರದ ಹಾದಿ ಹೊಸದೇನಲ್ಲ. ಹಬ್ಬಕ್ಕೆಂದೋ ಮದುವೆಗೆಂದೋ ಕಲಬುರಗಿ, ವಿಜಯಪುರ, ರಾಯಚೂರುಗಳ ಕಡೆಗೆ ಹೊರಟವರು ಈ ಹಾದಿಯನ್ನು ಎಷ್ಟು ಸಲ ತುಳಿದಿರುವರೋ ಲೆಕ್ಕವಿಲ್ಲ. ಬಸ್ಸಿನಲ್ಲಿ ಹೋಗುವವರಿಗೆ ನಡುವೆ ಇಂದಾಪುರ ಸಿಗುತ್ತದೆ. ಇಳಿದು ಚಹ ಕುಡಿದು, ಮಕ್ಕಳಿಗೆ ನೀರು ಕುಡಿಸಿ ಮತ್ತೆ ಹತ್ತುತ್ತಾರೆ. ರೈಲಿನಲ್ಲಿ ಹೋಗುವವರು ಭೀಮಾನದಿಯನ್ನು ದಾಟಿದ ಮೇಲೆ ಜೇವೂರು ಎಂಬ ಚಿಕ್ಕ ನಿಲ್ದಾಣವನ್ನು ಹಾದುಹೋಗುತ್ತಾರೆ. ನಮ್ಮಲ್ಲಿ ಬಹುಮಂದಿ ಅದನ್ನು ನಿದ್ದೆಗಣ್ಣಿನಲ್ಲಿ ಕಂಡವರು, ಅಥವಾ ಕಾಣದೆಯೇ ದಾಟಿದವರು. ಇಂದಾಪುರಕ್ಕೂ ಜೇವೂರಿಗೂ ನೇರವಾಗಿ ಅಳೆದರೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿಗಿಂತ ಹೆಚ್ಚು ಅಂತರವಿಲ್ಲ. ನಡುವೆ ಹರಿಯುವುದು ಭೀಮೆ.

1898ನೆಯ ಇಸವಿಯ ಜನವರಿ 22ರಂದು, ಮಧ್ಯಾಹ್ನ ಹನ್ನೆರಡು ಗಂಟೆ ದಾಟಿದ ಮೇಲೆ, ಈ ಸೀಮೆಯ ಮೇಲೆ ಹಾಡುಹಗಲೇ ಕತ್ತಲೆ ಕವಿಯಿತು. ಅಂದು ಖಗ್ರಾಸ ಸೂರ್ಯಗ್ರಹಣ. ಕೊಂಕಣದ ಕರಾವಳಿಯ ವಿಜಯದುರ್ಗದಲ್ಲಿ ನೆಲವನ್ನು ಮುಟ್ಟಿದ ಚಂದ್ರನ ನೆರಳು ಸಹ್ಯಾದ್ರಿಯನ್ನು ಹತ್ತಿಳಿದು, ಇಂದಾಪುರದ ಮೇಲೆ ಹಾದು, ಜೇವೂರನ್ನು ಸವರಿ, ವಿದರ್ಭದ ಕಡೆಗೆ ಓಡಿತು. ಹಳ್ಳಿಯ ಜನ ಗ್ರಹಣಸ್ನಾನಕ್ಕೆಂದು ಭೀಮೆಯ ನೀರಿಗೆ ಇಳಿದಿದ್ದಿರಬೇಕು. ಅದೇ ಹೊತ್ತಿಗೆ ಜೇವೂರಿನ ಬಯಲಿನಲ್ಲಿ ನಲವತ್ತು ವರ್ಷದ ಒಬ್ಬ ಪಾರ್ಸಿ ಅಧ್ಯಾಪಕರು ತಮ್ಮ ಯಂತ್ರಗಳ ಪಕ್ಕದಲ್ಲಿ ನಿಂತು, ಎರಡೇ ಎರಡು ನಿಮಿಷಗಳ ಆ ಕತ್ತಲೆಗಾಗಿ ಕಾಯುತ್ತಿದ್ದರು. ಅವರೇ ಕಾವಸಜಿ ದಾದಾಭಾಯಿ ನಾಯಗಮವಾಲಾ. ನಮ್ಮ ದೇಶದಲ್ಲಿ ನಕ್ಷತ್ರಗಳ ಭೌತವಿಜ್ಞಾನಕ್ಕೆಂದು ಕಟ್ಟಿದ ಮೊದಲನೆಯ ಆಧುನಿಕ ವೀಕ್ಷಣಾಲಯವನ್ನು ಇದೇ ಪುಣೆಯಲ್ಲಿ ಸ್ಥಾಪಿಸಿ, ಇಪ್ಪತ್ತನಾಲ್ಕು ವರ್ಷ ನಡೆಸಿದವರು. ಖಗೋಳಶಾಸ್ತ್ರದ ಇತಿಹಾಸವನ್ನು ಬಲ್ಲವರಿಗೆ ಈ ಹೆಸರು ಚಿರಪರಿಚಿತ. ಆದರೆ ಅವರು ನಡೆದಾಡಿದ ಊರಿನಲ್ಲಿಯೇ ಬಾಳುತ್ತಿರುವ ನಮಗೆ ಅವರ ಪರಿಚಯ ಅಷ್ಟಾಗಿ ಇಲ್ಲ. ಆ ಕೊರತೆಯನ್ನು ತುಸುವಾದರೂ ತುಂಬೋಣವೆಂದು ಈ ಲೇಖನ.

ನಾಯಗಮವಾಲಾ ಅವರು ಹುಟ್ಟಿದ್ದು 1857ರಲ್ಲಿ. ಅವರ ಬಾಲ್ಯದ ಕಾಲವೇ ಖಗೋಳಶಾಸ್ತ್ರ ಹೊಸ ಹುಟ್ಟನ್ನು ಪಡೆಯುತ್ತಿದ್ದ ಕಾಲ. ಅದುವರೆಗೆ ನಕ್ಷತ್ರಗಳು ಎಲ್ಲಿವೆ, ಹೇಗೆ ಚಲಿಸುತ್ತವೆ ಎಂಬುದನ್ನು ಅಳೆಯುವುದೇ ಈ ಶಾಸ್ತ್ರದ ಕೆಲಸವಾಗಿದ್ದಿತು. ಅವು ಯಾವ ದ್ರವ್ಯದಿಂದ ಆಗಿವೆ ಎಂಬುದು ಮನುಷ್ಯನ ಬುದ್ಧಿಗೆ ಎಂದೆಂದಿಗೂ ನಿಲುಕದ ಮಾತೆಂದು ಪಂಡಿತರೇ ಕೈಚೆಲ್ಲಿದ್ದರು. ಆ ಬೀಗವನ್ನು ತೆರೆದದ್ದು ವರ್ಣಪಟಲದರ್ಶಕವೆಂಬ ಯಂತ್ರ. ಅದರ ತತ್ತ್ವ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಒಲೆಯ ಉರಿಗೆ ಉಪ್ಪಿನ ಹರಳು ಸಿಡಿದು ಬಿದ್ದಾಗ ಜ್ವಾಲೆ ಫಕ್ಕನೆ ಹಳದಿಯಾಗುವುದನ್ನು ಯಾವ ಗೃಹಿಣಿ ಕಂಡಿಲ್ಲ? ಆ ಹಳದಿ ಉಪ್ಪಿನಲ್ಲಿರುವ ಸೋಡಿಯಂ ಧಾತುವಿನ ಗುರುತು. ಹಾಗೆಯೇ ಒಂದೊಂದು ಧಾತುವೂ ಕಾದು ಅನಿಲವಾದಾಗ ತನ್ನದೇ ಆದ ಬಣ್ಣಗಳನ್ನು ಸೂಸುತ್ತದೆ. ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ ಕಾಮನಬಿಲ್ಲಿನಂತೆ ಹರಡಿದರೆ ಆ ಬಣ್ಣಗಳು ಗೆರೆಗೆರೆಯಾಗಿ ಬೇರೆಬೇರೆ ತೋರುತ್ತವೆ. ಗೆರೆಯ ಸ್ಥಾನವನ್ನು ಅಳೆದು, ಧಾತುವಿನ ಹೆಸರನ್ನು ಹೇಳಬಹುದು. ಬೆಳಕು ಒಲೆಯಿಂದ ಬಂದರೂ ಅಷ್ಟೆ, ಕೋಟಿ ಕೋಟಿ ಯೋಜನ ದೂರದ ನಕ್ಷತ್ರದಿಂದ ಬಂದರೂ ಅಷ್ಟೆ.

ಈ ಹೊಸ ವಿದ್ಯೆಗೆ ಕನ್ನಡ ನಾಡಿನ ನೆಲವೂ ಸಾಕ್ಷಿಯಾಗಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ನೋಡಲು ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರು ನಮ್ಮ ಜಮಖಂಡಿಗೆ ಬಂದಿದ್ದರು. ಮಳೆಗಾಲದ ಮೋಡಗಳು ಬಹಳ ಸತಾಯಿಸಿದುವು. ಆದರೂ ಮೋಡದ ಸಂದಿನಲ್ಲಿ, ಸೂರ್ಯನ ಅಂಚಿನಿಂದ ಮೇಲೇಳುವ ಕೆಂಜ್ವಾಲೆಗಳ ವರ್ಣಪಟಲದಲ್ಲಿ ಪ್ರಕಾಶಮಾನವಾದ ಗೆರೆಗಳನ್ನು ಅವರು ಕಂಡರು. ಎಂದರೆ ಆ ಜ್ವಾಲೆಗಳು ಉರಿಯುವ ಅನಿಲವೆಂದು ತಿಳಿಯಿತು. ಮೂರು ವರ್ಷಗಳ ಮೇಲೆ, 1871ರ ಡಿಸೆಂಬರ್ 12ರ ಗ್ರಹಣಕ್ಕೆ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಅವರು ಕಾಸರಗೋಡಿನ ಬಳಿಯ ಬೇಕಲ ಕೋಟೆಯ ಮೇಲೆ ತಮ್ಮ ಯಂತ್ರಗಳನ್ನು ಹೂಡಿದ್ದರು. ಇಕ್ಕೇರಿಯ ನಾಯಕರು ಕಟ್ಟಿಸಿದ ಕೋಟೆ ಒಂದು ದಿನದ ಮಟ್ಟಿಗೆ ವೀಕ್ಷಣಾಲಯವಾಯಿತು! ಈ ಲಾಕಿಯರ್ ಅವರ ಹೆಸರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಕಥಾನಾಯಕರ ಬಾಳಿನಲ್ಲಿ ಅದು ಮತ್ತೆ ಬರುತ್ತದೆ.

ನಾಯಗಮವಾಲಾ ಅವರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಭೌತ ಮತ್ತು ರಸಾಯನ ಶಾಸ್ತ್ರಗಳಲ್ಲಿ ಎಂ.ಎ. ಪದವಿಯನ್ನು ಪಡೆದು, ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ಆಗಿನ ಕಾಲಕ್ಕೆ ಬುದ್ಧಿವಂತ ಪಾರ್ಸಿ ತರುಣನಿಗೆ ವಕೀಲಿ, ವ್ಯಾಪಾರ, ಗಿರಣಿಗಳ ಬಾಗಿಲು ತೆರೆದೇ ಇದ್ದಿತು. ಇವರ ಮನಸ್ಸು ಮಾತ್ರ ಪಟ್ಟಕದ ಗಾಜಿನಲ್ಲಿ ನೆಟ್ಟಿತು. 1882ರಲ್ಲಿ ಭಾವನಗರದ ಮಹಾರಾಜ ತಖ್ತಸಿಂಹಜಿಯವರು ಕಾಲೇಜಿಗೆ ಭೇಟಿಯಿತ್ತು, ವರ್ಣಪಟಲದ ಅಭ್ಯಾಸಕ್ಕೆ ಒಂದು ಪ್ರಯೋಗಶಾಲೆ ಆಗಲೆಂದು 5,000 ರೂಪಾಯಿಗಳನ್ನು ದಾನ ಮಾಡಿದರು. ಮುಂಬಯಿ ಸರಕಾರವೂ ಅಷ್ಟೇ ಮೊತ್ತವನ್ನು ಸೇರಿಸಿತು. ಸಾಧನಗಳನ್ನು ಕೊಳ್ಳುವುದಕ್ಕೆಂದು ನಾಯಗಮವಾಲಾ ಅವರು 1884ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿನ ಖಗೋಳಜ್ಞರು ಇವರ ಉತ್ಸಾಹವನ್ನು ಕಂಡು, ಬರಿಯ ಪ್ರಯೋಗಶಾಲೆಯೇಕೆ, ನಿರ್ಮಲವಾದ ಆಕಾಶವುಳ್ಳ ನಿಮ್ಮ ದೇಶದಲ್ಲಿ ಒಂದು ವೀಕ್ಷಣಾಲಯವನ್ನೇ ಕಟ್ಟಬಾರದೇಕೆಂದು ಸಲಹೆ ಕೊಟ್ಟರು. ಕಾಲೇಜಿನ ಮೇಜಿನ ಮೇಲೆ ಮುಗಿಯಬೇಕಾಗಿದ್ದ ಕೆಲಸ ಹೀಗೆ ಆಕಾಶಕ್ಕೆ ತಿರುಗಿತು.

1885ರಲ್ಲಿ ಅವರು ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಅಧ್ಯಾಪಕರಾಗಿ ಬಂದರು. ವೀಕ್ಷಣಾಲಯವೂ ಅವರ ಬೆನ್ನ ಹಿಂದೆಯೇ ಪುಣೆಗೆ ಬಂದಿತು. ಈ ಕಾಲೇಜಿನ ಹೆಸರು ಕೇಳಿದರೆ ಕನ್ನಡಿಗರ ಮನಸ್ಸು ಉಬ್ಬುವುದು ಸಹಜ. ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಕಲಿತು 1883ರಲ್ಲಿ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದದ್ದು ಇಲ್ಲಿಯೇ. ಅವರು ಹೊರಟ ಬಾಗಿಲಿನಲ್ಲಿಯೇ ಎರಡು ವರ್ಷದ ಮೇಲೆ ನಾಯಗಮವಾಲಾ ಅವರು ಒಳಗೆ ಬಂದರೆನ್ನಬಹುದು. ಒಬ್ಬರು ನೆಲದ ಮೇಲಿನ ನೀರನ್ನು ಕಟ್ಟಲು ಹೊರಟರು, ಇನ್ನೊಬ್ಬರು ಆಕಾಶದ ಬೆಳಕನ್ನು ಹಿಡಿಯಲು ಬಂದರು.

1888ರಲ್ಲಿ ಮಹಾರಾಜ ತಖ್ತಸಿಂಹಜಿ ವೀಕ್ಷಣಾಲಯವು ಸಿದ್ಧವಾಯಿತು. ದಾನಿಯ ಹೆಸರನ್ನೇ ಅದಕ್ಕೆ ಇಟ್ಟರು. ಡಬ್ಲಿನ್ ನಗರದ ಗ್ರಬ್ ಅವರ ಕಾರ್ಖಾನೆಯ ಪ್ರತಿಫಲಕ ದೂರದರ್ಶಕವು ಇಲ್ಲಿನ ಮುಖ್ಯ ಸಾಧನ. ಇಪ್ಪತ್ತು ಅಂಗುಲದ ದೂರದರ್ಶಕವೆಂದು ಪ್ರಸಿದ್ಧವಾದ ಅದು ಬಹುಕಾಲ ನಮ್ಮ ದೇಶದಲ್ಲೆಲ್ಲ ದೊಡ್ಡದಾಗಿದ್ದಿತು. ದೊಡ್ಡ ದೂರದರ್ಶಕವೆಂದಾಗ ದೊಡ್ಡ ಪರಿವಾರವನ್ನು ಯಾರೂ ಊಹಿಸಬಾರದು. ಇದು ಒಬ್ಬನೇ ವಿಜ್ಞಾನಿಯ ವೀಕ್ಷಣಾಲಯ. ಹಗಲು ಕಾಲೇಜಿನಲ್ಲಿ ಪಾಠ ಹೇಳಿ, ರಾತ್ರಿ ಗುಮ್ಮಟವನ್ನು ತೆರೆದು, ದೂರದರ್ಶಕವನ್ನು ತಿರುಗಿಸಿ, ಕಂಡದ್ದನ್ನು ಬರೆದು, ಬೆಳಗಾದರೆ ಮತ್ತೆ ಪಾಠಕ್ಕೆ ಹೊರಡುವುದು: ಇದು ಅವರ ದಿನಚರಿ.

ಆ ದಿನಗಳಲ್ಲಿ ಖಗೋಳಜ್ಞರ ನಡುವೆ ಒಂದು ದೊಡ್ಡ ವಿವಾದ ನಡೆಯುತ್ತಿದ್ದಿತು. ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿಯಲ್ಲಿ ಎಲ್ಲರೂ ಕಾಣುವ ಮಹಾವ್ಯಾಧನ ನಡುಪಟ್ಟಿಯ ಕೆಳಗೆ, ಅವನ ಕತ್ತಿಯ ಜಾಗದಲ್ಲಿ, ಮಂಜಿನ ಒಂದು ಚುಕ್ಕೆ ಇದೆ. ಕಣ್ಣು ಚುರುಕಾಗಿದ್ದವರಿಗೆ ಬರಿಗಣ್ಣಿಗೂ ತೋರುತ್ತದೆ. ಇಂಥ ಮಂಜುಗಳಿಗೆ ನೀಹಾರಿಕೆಗಳೆಂದು ಹೆಸರು. ಅವು ದೂರದ ನಕ್ಷತ್ರಗಳ ಗುಂಪೋ ಅಥವಾ ನಿಜವಾದ ಅನಿಲವೋ ಎಂಬ ಹಳೆಯ ಪ್ರಶ್ನೆಗೆ 1864ರಲ್ಲಿ ವಿಲಿಯಂ ಹಗ್ಗಿನ್ಸ್ ಅವರು ಉತ್ತರ ಕಂಡಿದ್ದರು. ಒಂದು ನೀಹಾರಿಕೆಯ ಬೆಳಕನ್ನು ಅವರು ಹರಡಿ ನೋಡಿದಾಗ ಕಾಮನಬಿಲ್ಲಿನ ಬದಲು ಕೆಲವೇ ಗೆರೆಗಳು ತೋರಿದುವು. ಆದ್ದರಿಂದ ಅದು ಅನಿಲ. ಆದರೆ ಆ ಗೆರೆಗಳಲ್ಲಿ ಎಲ್ಲಕ್ಕಿಂತ ಪ್ರಕಾಶಮಾನವಾದ ಹಸಿರು ಗೆರೆ ಭೂಮಿಯ ಮೇಲಿನ ಯಾವ ಧಾತುವಿನ ಗೆರೆಗೂ ಹೊಂದಲಿಲ್ಲ. ಇದನ್ನು ನೀಹಾರಿಕೆಯ ಮುಖ್ಯ ಗೆರೆಯೆಂದು ಕರೆದರು. ಅದು ಯಾವುದರ ಗುರುತು?

ಬೇಕಲ ಕೋಟೆಯ ಮೇಲೆ ನಿಂತಿದ್ದ ಲಾಕಿಯರ್ ಅವರು ಇದಕ್ಕೆ ಒಂದು ಉತ್ತರವನ್ನು ಕೊಟ್ಟಿದ್ದರು. ವಿಶ್ವವೆಲ್ಲ ಉಲ್ಕೆಗಳಿಂದ ಆಗಿದೆ, ನೀಹಾರಿಕೆಗಳೆಂದರೆ ಒಂದಕ್ಕೊಂದು ತಾಕಿ ಬೆಚ್ಚಗಾಗುತ್ತಿರುವ ಉಲ್ಕೆಗಳ ಹಿಂಡು, ಆ ಹಸಿರು ಗೆರೆ ಉಲ್ಕೆಗಳಲ್ಲಿರುವ ಮೆಗ್ನೀಸಿಯಂ ಧಾತುವಿನ ಪಟ್ಟೆಯ ಶೇಷವೆಂಬುದು ಅವರ ವಾದ. ಹಗ್ಗಿನ್ಸ್ ಅವರು ಇದನ್ನು ಒಪ್ಪಲಿಲ್ಲ. ಇಲ್ಲಿ ಪರೀಕ್ಷೆಗೆ ಒಂದು ಸುಲಭ ಲಕ್ಷಣವಿದ್ದಿತು. ಮೆಗ್ನೀಸಿಯಂ ಕೊಡುವ ಆ ಪಟ್ಟೆಯ ಒಂದು ಅಂಚು ಚೂಪು, ಇನ್ನೊಂದು ಅಂಚು ಸೀರೆಯ ಬಣ್ಣ ಬಿಟ್ಟಂತೆ ಮಸಕಾಗಿ ಹರಡಿರುತ್ತದೆ. ನೀಹಾರಿಕೆಯ ಗೆರೆಯೂ ಒಂದು ಕಡೆ ಮಸಕಾಗಿದ್ದರೆ ಲಾಕಿಯರ್ ಅವರ ಮಾತಿಗೆ ಬಲ. ಎರಡು ಕಡೆಯೂ ಚೂಪಾಗಿದ್ದರೆ ಆ ಮಾತು ಬೀಳಬೇಕು. ಕೆಲಸ ಹೇಳುವಷ್ಟು ಸುಲಭವಲ್ಲ. ನೀಹಾರಿಕೆಯ ಬೆಳಕು ಅತಿ ಕ್ಷೀಣ. ಹೆಚ್ಚು ಹರಡಿದಷ್ಟೂ ಇನ್ನೂ ಕ್ಷೀಣಿಸುತ್ತದೆ. ಕೊನೆಗೆ ಕಣ್ಣಿಗೆ ಕಂಡದ್ದು ಯಾವುದು, ಮನಸ್ಸು ಬಯಸಿದ್ದು ಯಾವುದು ಎಂದು ತಿಳಿಯದಂತಾಗುತ್ತದೆ.

ಲಾಕಿಯರ್ ಅವರು ಆ ಕಾಲದ ಪ್ರಭಾವಶಾಲಿ ವ್ಯಕ್ತಿ. ವಿಜ್ಞಾನದ ದೊಡ್ಡ ಪತ್ರಿಕೆಯೊಂದರ ಸ್ಥಾಪಕರು, ಸಂಪಾದಕರು. ಆಳರಸರ ದೇಶದಲ್ಲಿ ಅವರ ಮಾತಿಗೆ ಬೆಲೆಯಿದ್ದಿತು. ಪುಣೆಯ ಒಬ್ಬ ಕಾಲೇಜು ಅಧ್ಯಾಪಕನಿಗೆ ಅವರ ಮೆಚ್ಚುಗೆ ಲಾಭಕರ, ವಿರೋಧ ಅಪಾಯಕರ. ನಾಯಗಮವಾಲಾ ಅವರು ಮಹಾವ್ಯಾಧನ ನೀಹಾರಿಕೆಯ ಕಡೆಗೆ ತಮ್ಮ ದೂರದರ್ಶಕವನ್ನು ತಿರುಗಿಸಿದರು. ಬೆಳಕನ್ನು ಕಡಮೆ ಹರಡಿ ನೋಡಿದರು, ಹೆಚ್ಚು ಹರಡಿ ನೋಡಿದರು. ಹೇಗೆ ನೋಡಿದರೂ ಗೆರೆ ಚೂಪಾಗಿಯೇ ಇದ್ದಿತು. ಯಾವ ಕಡೆಗೂ ಮಸಕು ಇರಲಿಲ್ಲ. 1891ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ಹಾಗೆಯೇ ಪ್ರಕಟಿಸಿದರು. ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಜೇಮ್ಸ್ ಕೀಲರ್ ಅವರು ಗೆರೆಯ ಸ್ಥಾನವನ್ನು ಅಳೆದು ಅದು ಮೆಗ್ನೀಸಿಯಮ್ಮಿನದಲ್ಲವೆಂದು ತೋರಿಸಿದ್ದರು. ಪುಣೆಯ ಸಾಕ್ಷ್ಯವೂ ಅದೇ ಕಡೆಗೆ ನಿಂತಿತು. ದೊಡ್ಡವರು ಹೇಳಿದ್ದಾರೆಂದು ಇವರು ಗೆರೆಯನ್ನು ಮಸಕು ಮಾಡಲಿಲ್ಲ. ಹಿರಿಯರನ್ನು ಖಂಡಿಸಬೇಕೆಂಬ ಹಟದಿಂದ ಅದನ್ನು ಚೂಪು ಮಾಡಿದ್ದೂ ಅಲ್ಲ. ಕಂಡದ್ದನ್ನು ಕಂಡಷ್ಟೇ ಹೇಳಿದರು. ಅವರ ಬಾಳಿನಲ್ಲಿ ನನಗೆ ಅತ್ಯಂತ ದೊಡ್ಡದಾಗಿ ತೋರುವುದು ಇದೇ.

ಇನ್ನು ಜೇವೂರಿಗೆ ಮರಳೋಣ. 1898ರ ಗ್ರಹಣಕ್ಕೆ ದೇಶವಿದೇಶಗಳ ಖಗೋಳಜ್ಞರು ಭರತಖಂಡಕ್ಕೆ ಬಂದರು. ಕಾಲ ಒಳ್ಳೆಯದಾಗಿರಲಿಲ್ಲ. ಮುಂಬಯಿ ಪ್ರಾಂತವನ್ನು ಕ್ಷಾಮ ಸುಲಿದಿದ್ದಿತು. 1896ರಲ್ಲಿ ತಲೆದೋರಿದ ಪ್ಲೇಗು ಪುಣೆಯನ್ನೂ ಹಿಡಿದು ಊರು ಬೀಳುವಂತೆ ಮಾಡಿದ್ದಿತು. ದಾನಿಗಳಾದ ತಖ್ತಸಿಂಹಜಿಯವರು 1896ರಲ್ಲಿಯೇ ತೀರಿಕೊಂಡಿದ್ದರು. ಇಂಥ ದಿನಗಳಲ್ಲಿ ನಾಯಗಮವಾಲಾ ಅವರು ತಮ್ಮ ಯಂತ್ರಗಳನ್ನು ರೈಲಿನಲ್ಲಿ ಹೇರಿಕೊಂಡು ಜೇವೂರಿನ ಬಯಲಿಗೆ ಬಂದು ಬಿಡಾರ ಹೂಡಿದರು. ಅದೇ ಜೇವೂರಿಗೆ ಲಿಕ್ ವೀಕ್ಷಣಾಲಯದ ಕ್ಯಾಂಪ್‌ಬೆಲ್ ಅವರ ತಂಡವೂ ಅಮೆರಿಕದಿಂದ ಬಂದಿತ್ತು. ಲಾಕಿಯರ್ ಅವರು ವಿಜಯದುರ್ಗದ ಕೋಟೆಯಲ್ಲಿ ನಿಂತರು. ವಿದರ್ಭದ ತಳಣಿಯಲ್ಲಿ ಜಾನ್ ಎವರ್‌ಷೆಡ್ ಎಂಬ ಇಂಗ್ಲೆಂಡಿನ ಖಗೋಳಾಸಕ್ತರೊಬ್ಬರು ಇದ್ದರು.

ಮನಸ್ಸಿನಲ್ಲಿ ಆ ಚಿತ್ರವನ್ನು ಒಮ್ಮೆ ತಂದುಕೊಳ್ಳಿ. ಒಂದೇ ನೆರಳು, ಮೊದಲು ಕಡಲ ತಡಿಯಲ್ಲಿ ಲಾಕಿಯರ್ ಅವರ ಮೇಲೆ ಬೀಳುತ್ತದೆ, ಕೆಲವೇ ನಿಮಿಷಗಳಲ್ಲಿ ಇಂದಾಪುರದ ಹೊಲಗಳನ್ನು ದಾಟಿ, ಅವರ ಮತವನ್ನು ಒಪ್ಪದಿದ್ದ ಜೇವೂರಿನ ಅಧ್ಯಾಪಕರ ಮೇಲೆ ಬೀಳುತ್ತದೆ, ಮುಂದೆ ಓಡಿ ತಳಣಿಯ ಎವರ್‌ಷೆಡ್ ಅವರನ್ನು ಮುಟ್ಟುತ್ತದೆ. ಸೂರ್ಯನ ಬಿಂಬ ಮರೆಯಾದೊಡನೆ ಅದರ ಸುತ್ತ ಮುತ್ತಿನ ಬಣ್ಣದ ಪ್ರಭಾವಲಯ ಹರಡುತ್ತದೆ. ಎರಡು ನಿಮಿಷ, ಅಷ್ಟೆ. ತಿಂಗಳುಗಟ್ಟಲೆ ಮಾಡಿದ ಸಿದ್ಧತೆ ಆ ಎರಡು ನಿಮಿಷದಲ್ಲಿ ಫಲಿಸಬೇಕು, ಇಲ್ಲವೆ ವ್ಯರ್ಥವಾಗಬೇಕು. ಒಂದು ತುಂಡು ಮೋಡ ಸಾಕು, ಕೈ ನಡುಗಿದರೆ ಸಾಕು. ಅಂದು ಆಕಾಶ ಶುಭ್ರವಾಗಿದ್ದಿತು, ಕೆಲಸ ಸಾಗಿತು. ಆ ದಿನದ ವೀಕ್ಷಣೆಗಳನ್ನೆಲ್ಲ ನಾಯಗಮವಾಲಾ ಅವರು ವರ್ಷಗಟ್ಟಲೆ ಪರಿಶೀಲಿಸಿ, 1902ರಲ್ಲಿ ತಮ್ಮ ವೀಕ್ಷಣಾಲಯದ ಮೊದಲನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಜೇವೂರೆಂಬ ಹಳ್ಳಿಯ ಹೆಸರು ಆ ಮೂಲಕ ಲೋಕದ ಖಗೋಳ ಗ್ರಂಥಾಲಯಗಳಲ್ಲಿ ನಿಂತಿತು.

ಆದರೆ ಕಾಲ ಯಾರನ್ನೂ ಕಾಯುವುದಿಲ್ಲ. 1899ರಲ್ಲಿ ಸರಕಾರವು ದಕ್ಷಿಣದ ಕೊಡೈಕನಾಲ್ ಬೆಟ್ಟದ ಮೇಲೆ ಸೂರ್ಯನ ವೀಕ್ಷಣಾಲಯವನ್ನು ಸ್ಥಾಪಿಸಿತು. ಪುಣೆಯದು ಒಬ್ಬರ ಹೆಗಲ ಮೇಲೆಯೇ ನಿಂತಿದ್ದಿತು. ಆ ಹೆಗಲು ಇಳಿದ ದಿನ ಅದನ್ನು ಹೊರಲು ಇನ್ನೊಂದು ಹೆಗಲು ಇರಲಿಲ್ಲ. 1912ರಲ್ಲಿ ಅವರು ನಿವೃತ್ತರಾದರು. ವೀಕ್ಷಣಾಲಯವನ್ನೂ ಆಗಲೇ ಮುಚ್ಚಿದರು. ದೂರದರ್ಶಕವನ್ನು ಕಳಚಿ, ಪೆಟ್ಟಿಗೆಗಳಲ್ಲಿ ತುಂಬಿ, ಕೊಡೈಕನಾಲಿಗೆ ಸಾಗಿಸಿದರು. ಅಲ್ಲಿ ಆಗ ನಿರ್ದೇಶಕರಾಗಿದ್ದವರು ಯಾರು? ಹದಿನಾಲ್ಕು ವರ್ಷಗಳ ಹಿಂದೆ ಅದೇ ನೆರಳಿನ ಕೆಳಗೆ ತಳಣಿಯಲ್ಲಿ ನಿಂತಿದ್ದ ಎವರ್‌ಷೆಡ್ ಅವರು!

ತಾನು ಕಟ್ಟಿದ್ದನ್ನು ತನ್ನ ಕಣ್ಣೆದುರಿಗೇ ಕಳಚುವುದನ್ನು ನೋಡುವುದು ಯಾರಿಗೂ ಸುಲಭವಲ್ಲ. ಆಮೇಲೆ ನಾಯಗಮವಾಲಾ ಅವರು ಇಪ್ಪತ್ತಾರು ವರ್ಷ ಬದುಕಿದ್ದು 1938ರಲ್ಲಿ ಕಾಲವಾದರು. ಆ ದೀರ್ಘಾಯುಸ್ಸಿನಿಂದ ಒಂದು ಪ್ರಯೋಜನವಾಯಿತೆನ್ನಬೇಕು. ನೀಹಾರಿಕೆಯ ಹಸಿರು ಗೆರೆಯ ಗುಟ್ಟು ಒಡೆದದ್ದು ಅವರ ಜೀವಮಾನದಲ್ಲಿಯೇ. ಮೆಗ್ನೀಸಿಯಂ ಅಲ್ಲವೆಂದಾದ ಮೇಲೆ, ಭೂಮಿಯಲ್ಲಿಲ್ಲದ ಹೊಸ ಧಾತುವಿರಬೇಕೆಂದು ಊಹಿಸಿ ಅದಕ್ಕೆ ನೆಬ್ಯೂಲಿಯಂ ಎಂದು ಹೆಸರನ್ನೂ ಇಟ್ಟಿದ್ದರು. 1927ರಲ್ಲಿ ಅಮೆರಿಕದ ಐರಾ ಬೋವೆನ್ ಅವರು ಲೆಕ್ಕ ಹಾಕಿ, ಅದು ಹೊಸದೇನೂ ಅಲ್ಲ, ನಾವು ಉಸಿರಾಡುವ ಆಮ್ಲಜನಕವೇ ಎಂದು ತೋರಿಸಿದರು. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ ಪರಮಾಣು, ಭೂಮಿಯ ಯಾವ ಪ್ರಯೋಗಶಾಲೆಯಲ್ಲಿಯೂ ಸಾಧಿಸಲಾಗದಷ್ಟು ವಿರಳವಾದ ಅನಿಲದಲ್ಲಿ, ಇನ್ನೊಂದು ಪರಮಾಣುವಿನ ತಳ್ಳಾಟವಿಲ್ಲದೆ ನೆಮ್ಮದಿಯಾಗಿರುವಾಗ ಮಾತ್ರ ಆ ಹಸಿರು ಬೆಳಕನ್ನು ಸೂಸುತ್ತದೆ. ಪುಣೆಯಲ್ಲಿ ಕಂಡ ಆ ಗೆರೆ ಅಷ್ಟು ಚೂಪಾಗಿದ್ದದ್ದು ಇದಕ್ಕೆ ಹೊಂದುತ್ತದೆ; ಅದು ಪಟ್ಟೆಯ ಶೇಷವಲ್ಲ, ಒಂದು ಪರಮಾಣುವಿನ ಒಂದೇ ಗೆರೆ.

ಆ ಗೆರೆಯ ಕಥೆ ಅಲ್ಲಿಗೂ ಮುಗಿಯಲಿಲ್ಲ. ಮಹಾವ್ಯಾಧನ ನೀಹಾರಿಕೆ ನಕ್ಷತ್ರಗಳ ಹೆರಿಗೆಮನೆಯೆಂದು ಇಂದು ನಾವು ಬಲ್ಲೆವು. ನಮ್ಮಿಂದ ಸುಮಾರು 1,300 ಜ್ಯೋತಿರ್ವರ್ಷಗಳ ದೂರದ ಆ ಅನಿಲದಲ್ಲಿ ಹತ್ತಾರು ಲಕ್ಷ ವರ್ಷಗಳಷ್ಟೇ ವಯಸ್ಸಾದ ಎಳೆಯ ನಕ್ಷತ್ರಗಳು ಬೆಳಗುತ್ತಿವೆ. ನಮ್ಮ ಸೂರ್ಯನಿಗೆ 460 ಕೋಟಿ ವರ್ಷ. ಅಲ್ಲಿಂದ ತುಸು ಮೇಲಕ್ಕೆ, ವೃಷಭರಾಶಿಯ ಕೊಂಬಿನ ತುದಿಯ ಬಳಿ, ದೂರದರ್ಶಕಕ್ಕೆ ಮಾತ್ರ ಕಾಣುವ ಇನ್ನೊಂದು ನೀಹಾರಿಕೆ ಇದೆ. ಅದಕ್ಕೆ ಏಡಿ ನೀಹಾರಿಕೆಯೆಂದು ಹೆಸರು. ಅದು ಹೆರಿಗೆಮನೆಯಲ್ಲ, ಮಸಣ. 1054ರಲ್ಲಿ ಅಲ್ಲಿ ಒಂದು ನಕ್ಷತ್ರ ಸಿಡಿದದ್ದನ್ನು ಚೀನದವರು ಬರೆದಿಟ್ಟಿದ್ದಾರೆ. 23 ದಿನಗಳ ಕಾಲ ಅದು ಹಗಲಿನಲ್ಲಿಯೂ ಕಂಡಿತು. ಆಗ ಕಲ್ಯಾಣದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ಆಳುತ್ತಿದ್ದನು. ಈ ಭೀಮಾತೀರ ಅವನ ರಾಜ್ಯದೊಳಗಿದ್ದಿತು. ಹೀಗೆ ಸಿಡಿಯುವ ನಕ್ಷತ್ರಕ್ಕೆ ಸೂಪರ್‌ನೋವಾ ಎನ್ನುತ್ತಾರೆ. ಉಳಿದ ಚೂರುಪಾರು ಇಂದಿಗೂ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ಹರಡುತ್ತಿವೆ. ಆ ಚೂರುಗಳ ವರ್ಣಪಟಲದಲ್ಲಿಯೂ ಅದೇ ಹಸಿರು ಗೆರೆ ಹೊಳೆಯುತ್ತದೆ.

ಇದು ಆಕಸ್ಮಿಕವಲ್ಲ. ಆಮ್ಲಜನಕ ಹುಟ್ಟುವುದು ದೊಡ್ಡ ನಕ್ಷತ್ರಗಳ ಒಡಲಿನಲ್ಲಿ. ಅವು ಸಿಡಿದಾಗ ಅದು ಆಕಾಶದಲ್ಲಿ ಚೆಲ್ಲಿ ಹೋಗಿ, ಮುಂದಿನ ತಲೆಮಾರಿನ ನಕ್ಷತ್ರಗಳು ಹುಟ್ಟುವ ಅನಿಲದಲ್ಲಿ ಬೆರೆಯುತ್ತದೆ. ಮಸಣದ ಬೂದಿಯೇ ಹೆರಿಗೆಮನೆಯ ಗೊಬ್ಬರ. ನಾಯಗಮವಾಲಾ ಅವರು 1891ರಲ್ಲಿ ಮಸಕಿಲ್ಲದೆ ಕಂಡ ಗೆರೆ ಎಳೆಯ ನಕ್ಷತ್ರಗಳನ್ನೂ ಸತ್ತ ನಕ್ಷತ್ರಗಳನ್ನೂ ಕೂಡಿಸುವ ದಾರ. ಅವರಿಗೆ ಆಗ ಅದು ತಿಳಿದಿರಲಿಲ್ಲ. ತಿಳಿಯದಿದ್ದರೂ ಕಂಡದ್ದನ್ನು ಸರಿಯಾಗಿ ಬರೆದಿಟ್ಟಿದ್ದರಿಂದ, ತಿಳಿದವರು ಮುಂದೆ ಬಂದಾಗ ಅದು ಉಪಯೋಗಕ್ಕೆ ಬಂದಿತು.

ಅವರ ದೂರದರ್ಶಕದ ಪಾಡೇನಾಯಿತು? ಕೊಡೈಕನಾಲಿನಲ್ಲಿ ಅದು ಬಹುವರ್ಷ ಮೂಲೆಗೆ ಬಿದ್ದಿದ್ದು, ಸ್ವಾತಂತ್ರ್ಯಾನಂತರ ಮತ್ತೆ ಎದ್ದು ನಕ್ಷತ್ರಗಳನ್ನು ನೋಡತೊಡಗಿತು. ದಾನಿಯ ಊರಿನ ನೆನಪಿಗಾಗಿ ಅದನ್ನು ಭಾವನಗರ ದೂರದರ್ಶಕವೆಂದು ಕರೆದರು. ಮುಂದೆ ಹಿಮಾಲಯದ ಆಚೆ ಎತ್ತರದ ಆಕಾಶ ಎಷ್ಟು ನಿರ್ಮಲವೆಂದು ಪರೀಕ್ಷಿಸಲು ಅದನ್ನು ಲೇಹ್‌ಗೂ ಒಯ್ದರು. 1971ರಲ್ಲಿ ಕೊಡೈಕನಾಲಿನ ಸಂಸ್ಥೆ ಸ್ವಾಯತ್ತವಾಗಿ ಭಾರತೀಯ ಖಭೌತ ಸಂಸ್ಥೆಯೆಂದಾಗಿ, ನಮ್ಮ ಬೆಂಗಳೂರಿನಲ್ಲಿ ನೆಲೆಗೊಂಡಿತು. ಆ ಸಂಸ್ಥೆಯ ಎರಡು ಮೀಟರಿನ ದೂರದರ್ಶಕ ಇಂದು ಲಡಾಖಿನ ಹಾನ್ಲೆಯಲ್ಲಿದೆ. ಅದನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಪುಣೆಯಲ್ಲಿ ಕಳಚಿದ ದೀಪದ ಎಣ್ಣೆ ಹೀಗೆ ಸುತ್ತಿ ಸುತ್ತಿ ಕನ್ನಡ ನಾಡಿನ ಹಣತೆಗೂ ಬಂದು ಸೇರಿತು.

ಪುಣೆಯೂ ಬಹುಕಾಲ ಕತ್ತಲಲ್ಲಿ ಉಳಿಯಲಿಲ್ಲ. ತಖ್ತಸಿಂಹಜಿ ವೀಕ್ಷಣಾಲಯ ಸ್ಥಾಪನೆಯಾಗಿ ಸರಿಯಾಗಿ ನೂರು ವರ್ಷಕ್ಕೆ, 1988ರಲ್ಲಿ, ಜಯಂತ ನಾರಳೀಕರ ಅವರ ನೇತೃತ್ವದಲ್ಲಿ ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿ ಖಗೋಳವಿಜ್ಞಾನದ ಅಂತರ್ವಿಶ್ವವಿದ್ಯಾಲಯ ಕೇಂದ್ರ ಹುಟ್ಟಿತು. ಅದರ ಪಕ್ಕದಲ್ಲಿಯೇ ರೇಡಿಯೋ ಖಗೋಳವಿಜ್ಞಾನದ ರಾಷ್ಟ್ರೀಯ ಕೇಂದ್ರವಿದೆ. ಗೋವಿಂದ ಸ್ವರೂಪರ ಮುಂದಾಳುತನದಲ್ಲಿ ನಾರಾಯಣಗಾಂವದ ಬಳಿಯ ಖೋಡದದಲ್ಲಿ ಅವರು ಕಟ್ಟಿದ, 45 ಮೀಟರ್ ಅಗಲದ 30 ತಟ್ಟೆಗಳ ಮಹಾಯಂತ್ರ, ಸಿಡಿದ ನಕ್ಷತ್ರಗಳ ಅವಶೇಷಗಳಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುತ್ತದೆ. ಆ ಆವರಣದ ಸಭಾಗೃಹಗಳಲ್ಲಿ ಈ ಬಗೆಯ ವಿಷಯಗಳ ಮೇಲೆ ವಿಚಾರಗೋಷ್ಠಿಗಳು ನಡೆಯುತ್ತವೆ. ತರುಣ ಸಂಶೋಧಕರು ಎಳೆಯ ನಕ್ಷತ್ರಗಳನ್ನು ಕುರಿತು ಮಾತನಾಡುತ್ತಾರೆ, ಸೂಪರ್‌ನೋವಾ ಅವಶೇಷಗಳನ್ನು ಕುರಿತು ವಾದಿಸುತ್ತಾರೆ. ಹಿರಿಯರು ಕೇಳಿ ತಿದ್ದುತ್ತಾರೆ, ಕಿರಿಯರು ಹಿರಿಯರನ್ನೂ ಪ್ರಶ್ನಿಸುತ್ತಾರೆ. ನಾಯಗಮವಾಲಾ ಅವರಿಗೆ ಇಲ್ಲದೆ ಹೋದದ್ದು ಇದೇ. ಅವರಿಗೆ ದೂರದರ್ಶಕವಿದ್ದಿತು, ಧೈರ್ಯವಿದ್ದಿತು, ಸತ್ಯನಿಷ್ಠೆಯಿದ್ದಿತು. ಎದುರು ಕುಳಿತು ಕೇಳುವ ಹತ್ತು ಜನರಿರಲಿಲ್ಲ, ನಾಳೆ ಗುಮ್ಮಟದ ಬೀಗದ ಕೈಯನ್ನು ತೆಗೆದುಕೊಳ್ಳುವ ಒಬ್ಬ ಶಿಷ್ಯನಿರಲಿಲ್ಲ.

ಈ ಒಂದು ಮಾತು ಪರಸ್ಥಳದಲ್ಲಿರುವ ನಮ್ಮ ಮನೆಗಳಿಗೂ ಹೊಂದುತ್ತದೆ. ಮನೆಯಲ್ಲಿ ಹಿರಿಯರೊಬ್ಬರು ಇರುವ ತನಕ ಕನ್ನಡ ನಡೆಯುತ್ತದೆ. ಅವರ ಪುಸ್ತಕದ ಕಪಾಟಿದೆ, ಅವರ ಹಾಡಿದೆ, ಅವರ ನಗೆಮಾತಿದೆ. ಆ ಕೀಲಿಕೈಯನ್ನು ಮಕ್ಕಳ ಕೈಗೆ ಕೊಡುವುದನ್ನು ಮರೆತರೆ, ಹಿರಿಯರು ಹೋದ ವರ್ಷವೇ ಕಪಾಟು ಕಳಚಿ ಪೆಟ್ಟಿಗೆ ಸೇರುತ್ತದೆ. ಪೆಟ್ಟಿಗೆ ಸೇರಿದ್ದು ಯಾವಾಗಲೋ ಎಲ್ಲಿಯೋ ಮತ್ತೆ ತೆರೆದೀತು. ಭಾವನಗರ ದೂರದರ್ಶಕ ತೆರೆದಂತೆ. ಆದರೆ ನಡುವೆ ಹೋದ ವರ್ಷಗಳು ಹೋದುವೇ. ಈ ರಾಜ್ಯೋತ್ಸವದ ಸಂಭ್ರಮದಲ್ಲಿ ಅಷ್ಟನ್ನು ನೆನೆದರೆ ಸಾಕು.

ನವೆಂಬರ್ ತಿಂಗಳ ರಾತ್ರಿ ಹನ್ನೊಂದರ ಹೊತ್ತಿಗೆ ಮಹಾವ್ಯಾಧನು ಪೂರ್ವದಲ್ಲಿ ಏರಿರುತ್ತಾನೆ. ಊರಿಗೆ ಹೊರಟ ಬಸ್ಸು ಇಂದಾಪುರದ ಬಳಿ ನಿಂತಾಗ, ಅಂಗಡಿಗಳ ದೀಪದಿಂದ ನಾಲ್ಕು ಹೆಜ್ಜೆ ಆಚೆ ಸರಿದು, ಮಕ್ಕಳ ಕೈ ಹಿಡಿದು ಆ ಕತ್ತಿಯ ನಡುವಿನ ಮಂಜಿನ ಚುಕ್ಕೆಯನ್ನು ತೋರಿಸಿರಿ. ಹಿಂದೊಮ್ಮೆ ಇಲ್ಲಿ ಹಾಡುಹಗಲೇ ಕತ್ತಲಾದ ಕಥೆಯನ್ನು ಹೇಳಿರಿ. ಹೇಳುವಾಗ ಕನ್ನಡದಲ್ಲಿಯೇ ಹೇಳಿರಿ. ಕಾವಸಜಿ ನಾಯಗಮವಾಲಾ ಅವರ ಹೆಸರು ಒಂದು ಮಗುವಿನ ನೆನಪಿನಲ್ಲಿ ಉಳಿದರೂ ಈ ಲೇಖನ ಸಾರ್ಥಕ.